ಸೀಮೆಎಣ್ಣೆಯಲ್ಲಿ ತಿಕ್ಕಿದ ಕೈ

"ಕೈ ಎಂತಕ್ಕೆ ಸೆರಗಿನೊಳಗೆ ಹೊಕ್ಕಿಸ್ತೀಯ, ರಂಡೆ? ಹೊರಗೆ ಹಾಕು! ನಿನ್ನ ಚಂದ ನೋಡ್ಲಿಕ್ಕೆ ಬಂದದ್ದಲ್ಲ ಸಾರ್!"

ಮೇಸ್ತ್ರಿ ಚೆನ್ನಪ್ಪ ಬೆತ್ತದ ತುದಿಯಿಂದ ಮಗ್ದಲೀನಳ ಮೊಣಕೈ ಎತ್ತಿದ. ಗೇರುಬೀಜ ಒಡೆಯುವ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ನಿಂತು ಅಂಗೈ ಚಾಚಿದ್ದರು. ಮೈಸೂರಿನಿಂದ ಬಂದ ಪ್ರೊಫೆಸರರು ಮೂಗಿಗೆ ಕರವಸ್ತ್ರ ಹಿಡಿದು, ಯಾರನ್ನೂ ಮುಟ್ಟದೆ, ಬಗ್ಗಿ ನೋಡುತ್ತಿದ್ದರು. ಅವರ ಹಿಂದೆ ಪೆನ್ನು ಹಿಡಿದು ನಿಂತವಳು ಮುದ್ದು. ಸಾಲಿನ ಕೊನೆಯಲ್ಲಿ ಅವಳ ತಾಯಿ ಬಾಗಿ.

ಮುದ್ದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್. ಅವಳು ಮುಟ್ಟಿದ ಡಿಸ್ಟಿಲ್ಡ್ ನೀರನ್ನು ಅಟೆಂಡರ್ ಇಂದಿಗೂ ಚೆಲ್ಲಿ ಬೇರೆ ತುಂಬಿಸುತ್ತಿದ್ದ. ಗೇರುಸಿಪ್ಪೆಯ ಎಣ್ಣೆ ಚರ್ಮಕ್ಕೆ ಏನು ಮಾಡುತ್ತದೆ ಎಂಬ ವಿಷಯದ ಮೇಲೆ ಮೈಸೂರಿನಲ್ಲಿ ಪಿಎಚ್.ಡಿ. ಮಾಡು ಎಂದಿದ್ದರು ಪ್ರೊಫೆಸರರು. ಖರ್ಚು ಕಾರ್ಖಾನೆಯ ಸಾಹುಕಾರರದು. ಇವತ್ತು ಸಂಜೆಯೊಳಗೆ ಒಪ್ಪಿಗೆ ಹೇಳಬೇಕಿತ್ತು. ಒಪ್ಪಿದರೆ ಕಾಲೇಜಿನ ಕೆಲಸ ಬಿಡಬೇಕು. ಬಿಟ್ಟರೆ ಅದು ಅವಳ ಕೇರಿಯವರಿಗೆ ಮತ್ತೆ ಸಿಗುವುದಿಲ್ಲ.

"ಇಷ್ಟು ಕ್ಲೀನ್ ಉಂಟಲ್ಲ! ಎಲ್ಲಿ ಹುಣ್ಣು?" ಪ್ರೊಫೆಸರರು ನೆಟ್ಟಗಾದರು. "ಸಾಹುಕಾರರು ಹೇಳಿದ್ದೇ ಸರಿ. ಬರಿ ಮುದ್ದು, ಚರ್ಮ ನಾರ್ಮಲ್. ಮೊದಲ ಅಧ್ಯಾಯ ಆಯ್ತು ನಿಂದು."

ಈ ಕೈಗಳು ಸಿಪ್ಪೆಯ ಎಣ್ಣೆಗೆ ಸುಟ್ಟು ಕಪ್ಪಾಗಿರಬೇಕಿತ್ತು. ಕಪ್ಪು ಕೈಯ ತುತ್ತನ್ನೇ ಉಂಡು ಬೆಳೆದವಳು ಅವಳು. ಇವು ಬೇಯಿಸಿದ ಸಿಗಡಿಯ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ಸಾಲಿನಲ್ಲಿದ್ದ ಹಬೀಬಾಳ ಹತ್ತಿರ ಬಂದಾಗ ಸೀಮೆಎಣ್ಣೆಯ ವಾಸನೆ ಬಂತು.

"ಎಂತ ಹಬೀಬಕ್ಕ ಇದು?" ಮುದ್ದು ಪಿಸುಗುಟ್ಟಿದಳು.

"ಹುಣ್ಣಿದ್ದವರನ್ನು ಕೆಲಸದಿಂದ ತೆಗೀತಾರಂತೆ. ಎಲ್ಲರೂ ಬೂದಿ, ಸೀಮೆಎಣ್ಣೆ ಹಾಕಿ ತಿಕ್ಕಿದ್ದು. ಚರ್ಮವೇ ಬಂತು ಮಾರಾಯ್ತಿ. ನೀನು ಬಾಯಿ ಬಿಡ್ಬೇಡ. ಚಂದ ಉಂಟು ಅಂತ ಬರಿ. ನಿನಗೂ ಒಳ್ಳೇದು, ನಮಗೂ."

ಇಡೀ ಸಾಲು ಮುದ್ದುವನ್ನೇ ನೋಡುತ್ತಿತ್ತು, ಸುಳ್ಳು ಬರೆ ಎಂದು ಬೇಡುತ್ತಿತ್ತು. ನಿಜ ಬರೆದರೆ ನಾಳೆ ಇವರ ಒಲೆಯಲ್ಲಿ ಗಂಜಿಯಿಲ್ಲ. ಸುಳ್ಳು ಬರೆದರೆ ಅವಳಿಗೆ ಡಾಕ್ಟರೇಟ್, ಮತ್ತು ಈ ಎಣ್ಣೆಯಿಂದ ಏನೂ ಆಗುವುದಿಲ್ಲವೆಂದು ಅವಳ ಹೆಸರಿನಲ್ಲಿ ಅಚ್ಚಾಗುತ್ತದೆ. ಮುಂದೆ ಯಾವಳಾದರೂ ಮುಲಾಮು ಕೇಳಿದರೆ ಚೆನ್ನಪ್ಪ ಅದನ್ನೇ ಅವಳ ಮುಖಕ್ಕೆ ಹಿಡಿಯುತ್ತಾನೆ.

ಅವಳು ಪೆನ್ನಿನ ತುದಿಯನ್ನು ಕಾಗದಕ್ಕೆ ಊರಿದಳು. ಅಕ್ಷರ ಮೂಡಲಿಲ್ಲ.

"ಇದು ಇವಳ ತಾಯಿ, ಸಾರ್," ಸಾಲಿನ ಕೊನೆಗೆ ಬಂದು ಚೆನ್ನಪ್ಪ ನಕ್ಕ. "ಮಗಳು ಮೈಸೂರಿಗೆ, ತಾಯಿ ಸಿಪ್ಪೆಗೆ! ಹಿಡಿಯೇ ಕೈ. ಮಗಳು ಬರೀಲಿ."

ಬಾಗಿ ಮಗಳ ಬೆರಳುಗಳನ್ನು ನೋಡಿದಳು.

"ನಾಚಿಕೆ ಆಗ್ತದಾ ಮಗಾ?"

"ಇಲ್ಲ ಅಪ್ಪೆ. ಹೆದರಿಕೆ."

"ನನಗೂ ಉಂಟು."

ಅಷ್ಟು ಹೇಳಿ ಅವಳು ಬಗ್ಗಿ, ಬುಟ್ಟಿಯಿಂದ ಎಣ್ಣೆ ಸೋರುವ ಸಿಪ್ಪೆಗಳನ್ನು ಬಾಚಿ ಮುಷ್ಟಿ ಬಿಗಿದಳು. ಬೆರಳ ಸಂದಿನಿಂದ ಕಂದು ಎಣ್ಣೆ ಇಳಿಯಿತು. ಸುಲಿದ ಮಾಂಸಕ್ಕೆ ಅದು ತಾಗಿದಾಗ ಅವಳ ಕುತ್ತಿಗೆಯ ನರ ಎದ್ದು ನಿಂತಿತು. ಆಮೇಲೆ ಮುಷ್ಟಿ ಬಿಚ್ಚಿ ಪ್ರೊಫೆಸರರ ಕರವಸ್ತ್ರದ ಹತ್ತಿರ ಹಿಡಿದಳು.

"ಈಗ ನೋಡಿ ಸಾರ್. ಮಗಾ, ನಂದು ಬರಿ. ನಂದು ಮಾತ್ರ. ಉಳಿದವರದ್ದು ಚಂದ ಉಂಟು."

"ಬೇವರ್ಸಿ ಮುಂಡೆ!" ಚೆನ್ನಪ್ಪನ ಬೆತ್ತ ಅವಳ ಭುಜಕ್ಕೆ ಬಿತ್ತು.

ಪ್ರೊಫೆಸರರು ಹಿಂದೆ ಸರಿದಿದ್ದರು. "ಇದನ್ನೆಲ್ಲ ಬರೀಲಿಕ್ಕಿಲ್ಲ ಮುದ್ದು. ಸಾಹುಕಾರರು ಒಂದು ಕಾಸು ಕೊಡುವುದಿಲ್ಲ. ನಾನೂ ಗೈಡ್ ಆಗುವುದಿಲ್ಲ. ಯೋಚನೆ ಮಾಡಿ ಹೇಳು."

ಮುದ್ದು ತಾಯಿಯ ಅಂಗೈಯ ಕಡೆಗೆ ತಿರುಗಿದಳು.

"ಮಾಡ್ತೇನೆ ಸಾರ್. ಪಿಎಚ್.ಡಿ. ಮಾಡ್ತೇನೆ. ಇದರ ಮೇಲೇ." ಯಾರ ದುಡ್ಡಿನಿಂದ, ಯಾರ ಕೈಕೆಳಗೆ, ಅವಳಿಗೆ ಗೊತ್ತಿರಲಿಲ್ಲ. ಅವಳು ತಾಯಿಯ ಹೆಸರು ಬರೆದಳು.

ಚೆನ್ನಪ್ಪ ಶೆಡ್ಡಿನ ಬಾಗಿಲೆಳೆದು ಒಳಗಿನಿಂದ ಚಿಲಕ ಹಾಕಿದ.

"ಆ ಕಾಗದ ಕೊಡು ಇಲ್ಲಿ."

ಮಬ್ಬಿನಲ್ಲಿ ಹಬೀಬಾ ಮಾತ್ರ ಸಾಲು ಬಿಟ್ಟು ಬಂದು ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. ತನ್ನ ಕೆಂಪು ಕೈಯನ್ನು ಸಿಪ್ಪೆಯ ಕಡೆಗೆ ಚಾಚಿದಳು.