ಹಸಿರು ಗುಳ್ಳೆಯವಳು

"ಇನ್ನೂ ಸ್ವಲ್ಪ ಬಲಕ್ಕೆ. ಗಲ್ಲ ಎತ್ತು. ಕನ್ನಡಕ ತೆಗೀಬೇಡ, ಅದರ ಜೊತೆಗೇ ಫೋನು ನಿನ್ನ ಗುರುತು ಹಿಡೀಬೇಕು."

ಅಲಮೇಲು ತಲೆಯನ್ನು ನಿಧಾನವಾಗಿ ಸುತ್ತ ತಿರುಗಿಸಿದಳು. ಗಂಡ ತಿರುಮಲ ಹೊಸ ಐಫೋನನ್ನು ಅವಳ ಮುಖದ ಮುಂದೆ ಹಿಡಿದಿದ್ದ. ಪರದೆಯ ಮೇಲಿನ ವೃತ್ತ ಇನ್ನೂ ಕೂಡಿರಲಿಲ್ಲ.

"ಹೆಣ್ಣು ನೋಡೋಕೆ ಬಂದಾಗ್ಲೂ ನೀವು ಇಷ್ಟು ಹೊತ್ತು ನೋಡಿರ್ಲಿಲ್ಲ."

"ಆಗ ನಿಮ್ಮಪ್ಪ ಎದುರಿಗೇ ಕೂತಿದ್ರು ಕಣೇ."

ಊಟದ ಮೇಜಿನ ಮೇಲಿದ್ದ ತಿರುಮಲನ ಫೋನಿನಿಂದ ಮಗ ಆಶ್ರಿತನ ನಗು ಕೇಳಿಸಿತು. ಅವನು ಹ್ಯೂಸ್ಟನ್ನಿನಲ್ಲಿ, ಆಫೀಸಿನಿಂದ ಮನೆಗೆ ಡ್ರೈವ್ ಮಾಡುತ್ತಿದ್ದ. "ಫೈನಲಿ, ಅಮ್ಮಾ. ನೋ ಮೋರ್ ಗ್ರೀನ್ ಬಬಲ್."

ಅಲಮೇಲುವಿನ ಹಳೆಯ ಆಂಡ್ರಾಯ್ಡಿನಿಂದ ಹೋದ ಮೆಸೇಜು ಮಕ್ಕಳ ಐಫೋನಿನಲ್ಲಿ ಹಸಿರು ಗುಳ್ಳೆಯಾಗಿ ಕಾಣುತ್ತಿತ್ತು. ಅವಳೊಬ್ಬಳು ಸೇರಿದರೆ ಗ್ರೂಪೇ ಕೆಡುತ್ತದೆಂದು ಅವರು ತಮ್ಮದೇ ಬೇರೆ ಮಾಡಿಕೊಂಡಿದ್ದರು. ಅವಳೂ ಅದನ್ನು ತಮಾಷೆಯಾಗಿಯೇ ತೆಗೆದುಕೊಂಡಿದ್ದಳು, ಮಾರ್ಚಿನವರೆಗೆ.

ಮಾರ್ಚಿನಲ್ಲಿ ಪ್ರೈಮರಿ ಎಲೆಕ್ಷನ್, ನವೆಂಬರಿನ ಚುನಾವಣೆಗೆ ಪ್ರತಿ ಪಕ್ಷದ ಅಭ್ಯರ್ಥಿಯನ್ನು ಜನರೇ ಆರಿಸುವ ಓಟು. ಟೆಕ್ಸಸ್ಸಿನ ಅಲೆನ್ ಊರಿನ ಈ ಮನೆಯಲ್ಲಿ ಅಮೆರಿಕದ ಸಿಟಿಜನ್ ಆದವಳು ಅಲಮೇಲು ಒಬ್ಬಳೇ. ತಿರುಮಲ ಇಂಡಿಯಾದ ಪಾಸ್‌ಪೋರ್ಟ್ ಬಿಡಲೊಲ್ಲ. ಓಟು ಅವಳದು, ಯೋಚನೆ ಅವನದು.

"ನಮ್ಮ ಏರಿಯಾದಲ್ಲಿ ಗೆಲ್ಲೋದು ಯಾವಾಗ್ಲೂ ರಿಪಬ್ಲಿಕನ್ನರೇ, ನವೆಂಬರ್ ಬರೀ ಬೀಗರೌತಣ. ತಾಳಿ ಕಟ್ಟೋದು ಮಾರ್ಚಲ್ಲೇ," ಎಂದಿದ್ದ. "ರಿಪಬ್ಲಿಕನ್ ಬ್ಯಾಲಟ್ ತಗೋ. ಇಲ್ಲಿ ದೇವಸ್ಥಾನ ಕಟ್ಟೋಕೆ ಬಿಡಬಾರದು ಅಂತಾನಲ್ಲ, ಅವನ ಎದುರಿನವನಿಗೆ ಒತ್ತಿ ಬಾ."

ಒತ್ತಿ ಬಂದಳು. ದೇವಸ್ಥಾನ ಬೇಡವೆಂದವನೇ ಗೆದ್ದ.

ಓಟು ಗುಟ್ಟು ಎಂದು ಇಬ್ಬರೂ ನಂಬಿದ್ದರು. ಯಾರಿಗೆ ಹಾಕಿದೆ ಎಂಬುದೇನೋ ಗುಟ್ಟೇ. ಯಾವ ಪಕ್ಷದ ಬ್ಯಾಲಟ್ ತೆಗೆದುಕೊಂಡೆ ಎಂಬುದನ್ನು ಮಾತ್ರ ಟೆಕ್ಸಸ್ಸಿನಲ್ಲಿ ಯಾರು ಬೇಕಾದರೂ ನೋಡಬಹುದು. ಆಸ್ಟಿನ್ನಿನಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯೊಬ್ಬಳ ಪರವಾಗಿ ಮನೆಮನೆ ಸುತ್ತುತ್ತಿದ್ದ ಮಗಳು ಶರ್ವಾಣಿ, ಪ್ರಚಾರದ ಆ್ಯಪಿನಲ್ಲಿ ಅಮ್ಮನ ಹೆಸರು ಹುಡುಕಿದಳು. ನಮ್ಮಮ್ಮನೂ ನಮ್ಮ ಕಡೆಯೇ ಎಂದು ಜೊತೆಯವರಿಗೆ ತೋರಿಸಲಿಕ್ಕೆ. ಹೆಸರಿನ ಮುಂದೆ ರಿಪಬ್ಲಿಕನ್ ಎಂದಿತ್ತು.

ಫೋನ್ ಮಾಡಿದವಳು ಒಂದೇ ಮಾತು ಕೇಳಿದಳು: "ಈಸ್ ಇಟ್ ಟ್ರೂ, ಅಮ್ಮಾ?" ಅಲಮೇಲು ಹೌದೆಂದು ದೇವಸ್ಥಾನದ ವಿಷಯ ತೆಗೆಯುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಆಮೇಲೆ ಶರ್ವಾಣಿ ಅಮ್ಮನ ಕರೆ ಎತ್ತಲಿಲ್ಲ. ಮೆಸೇಜಿಗೂ ಉತ್ತರವಿಲ್ಲ. "ನನ್ನ ಫೋನಿಂದ ಹೋಗಿದ್ದು ಅವಳಿಗೆ ತಲುಪ್ತಾನೇ ಇಲ್ವೇನೋ" ಎಂದು ಅಲಮೇಲು ದಿನವೂ ಹೇಳುತ್ತಿದ್ದಳು. ಕೇಳಿ ಕೇಳಿ ತಿರುಮಲ ಈ ಫೋನು ತಂದಿದ್ದ.

"ಆಯ್ತು. ಈಗ ಅವಳಿಗೆ ಮೆಸೇಜ್ ಹಾಕು." ತಿರುಮಲ ಹೊಸ ಫೋನನ್ನು ಅವಳ ಕೈಗೆ ಕೊಟ್ಟ.

ಶರ್ವಾಣಿಗೆ ಕನ್ನಡ ಓದಲು ಬಾರದು. 'ಊಟ ಆಯ್ತಾ ಪುಟ್ಟಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಅಲಮೇಲು ಕಳಿಸಿದಳು. ಗುಳ್ಳೆ ನೀಲಿಯಾಗಿ ಮೇಲೇರಿತು. ಅದರ ಕೆಳಗೆ, ತಲುಪಿತು ಎಂಬ ಸಣ್ಣ ಅಕ್ಷರ. ನೋಡುತ್ತಿದ್ದಂತೆ ಅದು ಅಳಿಸಿ, ಓದಿಯಾಯಿತು ಎಂದು ಬಂತು.

"ನೋಡಿದ್ಯಾ, ಓದಿದಾಳೆ," ಎಂದ ತಿರುಮಲ.

"ಡಾಟ್ಸ್ ಬಂತಾ?" ಆಶ್ರಿತ್ ಕೇಳಿದ. "ಥ್ರೀ ಡಾಟ್ಸ್ ಅಂದ್ರೆ ಶಿ ಈಸ್ ಟೈಪಿಂಗ್."

ಬಂದವು. ಮೂರು ಚುಕ್ಕೆ, ಒಂದರ ಹಿಂದೊಂದು ಅಲುಗುತ್ತ. ನಿಂತವು. ಮತ್ತೆ ಬಂದವು. ಆಮೇಲೆ ಬರಲಿಲ್ಲ. ಬೆಳಕು ಆರದಂತೆ ಅಲಮೇಲು ಪರದೆಯನ್ನು ಆಗಾಗ ಮುಟ್ಟುತ್ತ ಕೂತಳು. ತಿರುಮಲ ಹೊಸ ಫೋನಿನ ಖಾಲಿ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದ. ಆಶ್ರಿತ್, ಮನೆ ಬಂತು ಎಂದು ಹೇಳಿ ಫೋನ್ ಇಟ್ಟ.

"ಪ್ರತಿ ಸಲಾನೂ ಹೀಗೇ ಕಾಣುತ್ತಾ ಇದರಲ್ಲಿ? ಅವಳು ಓದಿದ್ದು?"

"ಹೂಂ. ಅದೇ ಅನುಕೂಲ ಇದರದ್ದು."

ಅವಳು ಫೋನನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದಳು.

"ಇಟ್ಕೊಳ್ಳೇ. ಇವತ್ತಲ್ಲ ನಾಳೆ ಬರೀತಾಳೆ."

"ಬೇಡ ರೀ," ಎಂದಳು ಅಲಮೇಲು. "ನಂಗಿದು ಬೇಡ."