ಅತ್ತೆ ತಿದ್ದಿದ ಪ್ರಬಂಧ

ಅರ್ಧಕ್ಕೆ ನಿಂತ ಓದನ್ನು ಮುಗಿಸಬೇಕೆಂದು ಸಂಜೆ ತರಗತಿಗೆ ಹೆಸರು ಕೊಟ್ಟವಳು ಸೊಸೆ. ಹಗಲು ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಅವಳು ಅರ್ಜಿ ತುಂಬುವುದನ್ನು ಕಂಡ ಅತ್ತೆ ಹೊಲಿಗೆ ಮಿಷನ್ನಿನ ಮುಂದಿನಿಂದ ಏಳದೆಯೇ, "ನಂದೂ ಒಂದು ತುಂಬು, ನಾನೂ ಅರ್ಧಕ್ಕೇ ಬಿಟ್ಟೋಳು" ಎಂದರು. ಹೀಗಾಗಿ ಮನೆಯಲ್ಲಿ ಅಕ್ಕಪಕ್ಕ ಇದ್ದವರು ಬೆಂಚಿನ ಮೇಲೂ ಅಕ್ಕಪಕ್ಕವೇ ಆದರು.

ಒಂದು ಸಂಜೆ ಟೀಚರು 'ನಮ್ಮ ಮನೆಯವರು' ಎಂಬ ಪ್ರಬಂಧ ಬರೆಸಿ, ಪಕ್ಕದವರ ಜೊತೆ ಹಾಳೆ ಅದಲುಬದಲು ಮಾಡಿಕೊಳ್ಳಲು ಹೇಳಿದರು.

"ಚೆನ್ನಾಗಿದೆ ಅಂತ ಗೀಚಿ ಕೈ ತೊಳ್ಕೋಬೇಡಿ. ಯಾವ ಮಾತು ಹಿಡಿಸ್ತು, ಎಲ್ಲಿ ನಂಬಿಕೆ ಬರಲಿಲ್ಲ, ಇನ್ನೇನು ತಿಳೀಬೇಕು ಅನ್ನಿಸ್ತು, ಅದನ್ನ ಬರೀರಿ. ಬರೆದವರಿಗೆ ಉಪಯೋಗ ಆಗಬೇಕು."

ಸೊಸೆ ಅತ್ತೆಯ ಹಾಳೆ ಓದತೊಡಗಿದಳು. ಮಾವ ಬದುಕಿದ್ದಾಗ ಒಮ್ಮೆ ಕತ್ತರಿಗಾಗಿ ಮನೆಯನ್ನೆಲ್ಲ ಜಾಲಾಡಿ, ಕೊನೆಗೆ ಅದು ಅವರ ಕೋಟಿನ ಜೇಬಿನಲ್ಲೇ ಸಿಕ್ಕಿದ ಪ್ರಸಂಗಕ್ಕೆ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಕೊನೆಯಲ್ಲಿ ಮಾತ್ರ ಹೀಗಿತ್ತು: 'ನನ್ನ ಸೊಸೆ ಒಳ್ಳೆಯವಳು. ಅವಳ ಬಗ್ಗೆ ಹೇಳಲು ಪದಗಳು ಸಾಲವು.'

ಸೊಸೆ ಪೆನ್ಸಿಲು ಕಚ್ಚಿದಳು. ಅನಿಸಿದ್ದನ್ನು ಬರೆದರೆ ಮನೆಯಲ್ಲಿ ಮುಖ ಗಂಟು, ಬರೆಯದಿದ್ದರೆ ಟೀಚರಿಗೆ ಮೋಸ. ಕೊನೆಗೆ ಧೈರ್ಯ ಮಾಡಿ, 'ಕತ್ತರಿ ಪ್ರಸಂಗ ಕಣ್ಣಿಗೆ ಕಟ್ಟಿತು. ಸೊಸೆಯ ವಿಷಯ ಅವಸರದಲ್ಲಿ ಮುಗಿಸಿದ್ದೀರಿ. ಒಂದು ಉದಾಹರಣೆ ಬೇಕು' ಎಂದು ಬರೆದಳು.

ಅವಳ ಹಾಳೆಯೂ ವಾಪಸು ಬಂತು. 'ನಮ್ಮ ಅತ್ತೆ ದೇವರಂಥವರು' ಎಂಬ ಸಾಲಿನ ಕೆಳಗೆ ದಪ್ಪ ಗೀಟು. ಪಕ್ಕದಲ್ಲಿ: 'ನಂಬಿಕೆ ಬರಲಿಲ್ಲ. ದೇವರು ಗೊರಕೆ ಹೊಡೆಯುವುದಿಲ್ಲ. ನಿಜ ಬರಿ.'

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆಗೇ ತಿರುಗಿ ಕುಳಿತಿದ್ದರು. "ಉದಾಹರಣೆ ಬೇಕಂತೆ, ಉದಾಹರಣೆ."

"ನೀವೂ ನಿಜ ಬರಿ ಅಂದಿದೀರಲ್ಲ, ಅತ್ತೆ."

"ಬರಿ. ನಾನೇನು ಹೆದರ್ತೀನಾ?"

ಭಾನುವಾರ ಇಬ್ಬರೂ ಊಟದ ಮೇಜಿನ ಎರಡು ತುದಿಗೆ ಕುಳಿತು, ಪರೀಕ್ಷೆಯ ಮಕ್ಕಳಂತೆ ಮೊಣಕೈ ಅಡ್ಡ ಇಟ್ಟುಕೊಂಡು ಬರೆದರು. ಸೊಸೆ ತನ್ನ ಹಾಳೆಯನ್ನು ಮೊದಲು ಅತ್ತೆಯ ಕಡೆಗೆ ಸರಿಸಿದಳು. ಅವಳು ಬರೆದಿದ್ದಳು: 'ಅತ್ತೆ ಗಿರಾಕಿಗಳ ಸೊಂಟದ ಅಳತೆಯನ್ನು ಕಿವಿಯಲ್ಲಿ ಹೇಳುತ್ತಾರೆ. ನನ್ನದನ್ನು ಮಾತ್ರ ಇಡೀ ಬೀದಿಗೆ ಕೇಳುವಂತೆ ಹೇಳುತ್ತಾರೆ. ಆದರೆ ನನಗೆ ಜ್ವರ ಬಂದಾಗ, ಸದ್ದಾಗಬಾರದೆಂದು ಮಿಷನ್ನನ್ನೇ ಪಕ್ಕದ ಮನೆಗೆ ಸಾಗಿಸಿ ಅಲ್ಲಿ ಹೊಲಿದರು.'

ಅತ್ತೆ ಹಾಳೆಯನ್ನು ದೂರ ಹಿಡಿದು ಎರಡು ಸಲ ಓದಿದರು. "ಇಡೀ ಬೀದಿಗೆ ಎಲ್ಲಿ ಕೇಳುತ್ತೆ? ಎದುರು ಮನೆವರೆಗೆ ಅಷ್ಟೆ. ತಿದ್ದು," ಎಂದರು. ತುಟಿಯಂಚು ಮಾತ್ರ ನಗುತ್ತಿತ್ತು.

ಅತ್ತೆಯ ಹಾಳೆಯಲ್ಲಿತ್ತು: 'ಸೊಸೆ ಕೆಲಸಕ್ಕೆ ಹೊರಡುವ ಮೊದಲು ನನ್ನ ಸೂಜಿಗಳಿಗೆಲ್ಲ ದಾರ ಪೋಣಿಸಿಟ್ಟು ಹೋಗುತ್ತಾಳೆ. ನನ್ನ ಕಣ್ಣು ಮಂಜಾಗಿದೆ ಎಂದು ಅವಳು ಯಾರಿಗೂ ಹೇಳಿಲ್ಲ. ನನಗೂ ಹೇಳಿಲ್ಲ.'

ಸೊಸೆ ಹಾಳೆಯಿಂದ ತಲೆ ಎತ್ತಿದಳು. "ನಿಮಗೆ ಗೊತ್ತಿತ್ತಾ?"

"ಮತ್ತೆ? ದಾರ ತಾನಾಗೇ ಹೋಗಿ ಸೂಜಿಯೊಳಗೆ ಕೂರುತ್ತಾ?"

"ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗಿ ಬರೋಣ, ಅತ್ತೆ."

"ಪ್ರಬಂಧ ಹೇಗಿದೆ, ಅದನ್ನ ಮೊದಲು ಹೇಳು."

ಸೊಸೆ ಕಣ್ಣೊರೆಸಿಕೊಂಡು ಪೆನ್ಸಿಲು ಎತ್ತಿದಳು. "ಇದನ್ನ ಒಂದಕ್ಷರಾನೂ ಮುಟ್ಟಬೇಡಿ. ಈ ಮೇಲಿನ ಪ್ಯಾರಾ ಮಾತ್ರ ತೆಗೀರಿ, ಓಟ ಕೆಡಿಸುತ್ತೆ." ಅತ್ತೆ ಆ ಪ್ಯಾರಾವನ್ನು ಒಂದಕ್ಷರವೂ ಕಾಣದಂತೆ ಗೀಚಿ ಹಾಕಿದರು.

ಒಗೆದ ಬಟ್ಟೆ ಹೊತ್ತು ಬಂದ ಅತ್ತೆಯ ಮಗ ನಿಂತಲ್ಲೇ ಎರಡೂ ಹಾಳೆ ಓದಿ ಮುಖ ಸಣ್ಣ ಮಾಡಿಕೊಂಡ. "ನಾನೂ ಇದೇ ಮನೇಲಿ ಇದೀನಲ್ಲ. ನನ್ನ ಬಗ್ಗೆ ಒಂದು ಸಾಲೂ ಇಲ್ವಾ?"

"ಒಂದು ಪ್ಯಾರಾನೇ ಇತ್ತಪ್ಪ," ಎಂದರು ಅತ್ತೆ. "ಓಟ ಕೆಡಿಸುತ್ತೆ ಅಂತ ನಿನ್ನ ಹೆಂಡತಿ ಈಗಷ್ಟೇ ತೆಗೆಸಿದ್ಲು."