ಬ್ಯಾನರಿನ ಮೇಲಿನ ನಂಬರು

"ಹಲೋ, ಟ್ಯೂಷನ್ ಆಫೀಸಾ?"

ಬೆಳಗಿನಿಂದ ಇದು ಒಂಬತ್ತನೇ ಫೋನು. ಬ್ಯಾನರ್ ಅಂಗಡಿಯ ಮಾಲೀಕ ಫೋನನ್ನು ಮೇಜಿನ ಮೇಲೆ ಕುಕ್ಕಿ, ಕಂಪ್ಯೂಟರಿನ ಮುಂದಿದ್ದ ಹುಡುಗಿಯ ಕಡೆ ತಿರುಗಿದ.

"ಏನಮ್ಮಾ ಮೌನಗೌರಿ, ನಮ್ಮ ಅಂಗಡಿ ನಂಬರ್ ಹಾಕಿಬಿಟ್ಟಿದ್ದೀಯಲ್ಲ!"

ಅಂಗಡಿಯಲ್ಲಿ ಉಳಿದಿದ್ದ ಬ್ಯಾನರೊಂದನ್ನು ಅವಳು ಬಿಚ್ಚಿ ನೋಡಿದಳು. ಹೌದು, ಅದೇ ನಂಬರು. ಶಾಲೆಯ ಮಕ್ಕಳಿಗೂ ಶಾಲೆ ಬಿಟ್ಟವರಿಗೂ ಪುಕ್ಕಟೆ ಸಂಜೆ ಪಾಠವೆಂದು ಸರ್ಕಾರ ಆರುನೂರು ಬ್ಯಾನರ್ ಮಾಡಿಸಿತ್ತು. ಶಿಕ್ಷಣ ಕಚೇರಿಯವರು ತಮ್ಮ ನಂಬರ್ ಕಳಿಸಿರಲಿಲ್ಲ. ಸದ್ಯಕ್ಕೆ ಖಾಲಿ ಜಾಗ ತುಂಬಲೆಂದು, ಅಂಗಡಿಯ ರೂಢಿಯಂತೆ, ಅವಳು ಮಾದರಿಯಲ್ಲಿ ಅಂಗಡಿಯದನ್ನೇ ಹಾಕಿದ್ದಳು. ಕಚೇರಿಯ ಸಾಹೇಬರು ನೋಡದೆಯೇ ಸಹಿ ಹಾಕಿದ್ದರು, ಎಲ್ಲವೂ ಹಾಗೆಯೇ ಅಚ್ಚಾಗಿದ್ದವು. ಅವಳೋ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಈ ಕೆಲಸ ಹೋದರೆ ಮತ್ತೆ ಕಂಡವರ ಮನೆಯ ಪಾತ್ರೆಯೇ ಗತಿ.

"ಫೋನ್ ನೀನೇ ಇಟ್ಕೋ. ಸಾಹೇಬ್ರು ಬಂದ್ರೆ ಉತ್ತರಾನೂ ನೀನೇ ಹೇಳು."

ಅದು ಮತ್ತೆ ಬಡಿದುಕೊಂಡಿತು.

"ಅಕ್ಕಾ, ನನ್ನ ಮಗಳು ಲೆಕ್ಕ ಅಂದ್ರೆ ಮಂಚದ ಕೆಳಗೆ ಸೇರ್ಕೋತಾಳೆ. ಸೇರಿಸ್ಕೋತೀರಾ?"

"ಸಂಜೆ ಆರಕ್ಕೆ... ದೊಡ್ಡ ಶಾಲೆ," ಎಂದು ಬ್ಯಾನರ್ ನೋಡಿ ಪಿಸುಗುಟ್ಟಿದಳು. ತಾನು ಎತ್ತಿದ ನಾಲ್ಕನೇ ಫೋನಿನ ಹೊತ್ತಿಗೆ ಅವಳ ದನಿ ಬಿಚ್ಚಿಕೊಂಡಿತು. ಬಡಗಿಯೊಬ್ಬ ಕೇಳಿದ: "ನಂಗೆ ಮೂವತ್ತೆರಡಮ್ಮ. ನಗ್ತಾರಾ?"

"ನಕ್ರೆ ನಂಗೆ ಫೋನ್ ಮಾಡಿ ಅಣ್ಣಾ."

ಹಾಳಾದ ಬ್ಯಾನರಿನ ಬೆನ್ನ ಮೇಲೆ ಹೆಸರುಗಳು ತುಂಬುತ್ತಾ ಹೋದವು.

ವಾರದ ನಂತರ ಸಾಹೇಬರೇ ಬಂದರು. "ಈ ನಂಬರ್ ಹಾಕಿದ್ದು ಯಾರು?"

ಮಾಲೀಕ ಅವಸರವಾಗಿ ಮಷೀನಿನ ಕೆಳಗೆ ಏನನ್ನೋ ಹುಡುಕತೊಡಗಿದ.

"ನಾನೇ ಸರ್." ಅವಳು ಎದ್ದು ನಿಂತಳು.

"ಹೋದ ವರ್ಷ ಇದರ ಎರಡರಷ್ಟು ಬ್ಯಾನರ್ ಕಟ್ಟಿಸಿದ್ವಿ. ಸರ್ಕಾರದ ದುಡ್ಡು ನೀರಿನ ಹಾಗೆ ಹೋಯ್ತು, ಕ್ಲಾಸಿಗೆ ಒಂದು ನರಪಿಳ್ಳೇನೂ ಬರ್ಲಿಲ್ಲ. ನಮ್ಮಾಫೀಸಲ್ಲಿ ಫೋನ್ ಎತ್ತೋರು ಯಾರಿದ್ದಾರೆ ಹೇಳು? ಈಗ ನೋಡಿದ್ರೆ ಬೆಂಚು ಸಾಲ್ತಿಲ್ಲ!" ಸಾಹೇಬರು ನಕ್ಕೇಬಿಟ್ಟರು. "ಮುಂದಿನ ಸಲಾನೂ ಇದೇ ನಂಬರ್ ಇರ್ಲಿ."

ಮಾಲೀಕ ಮೇಲೆದ್ದ. "ಟ್ರೈನಿಂಗ್ ಕೊಟ್ಟಿದ್ದು ನಾನೇ ಸಾರ್."

ಅಂದು ಸಂಜೆ ಅವಳು ಮನೆಯ ದಾರಿ ಹಿಡಿಯಲಿಲ್ಲ. ದೊಡ್ಡ ಶಾಲೆಯ ಗೇಟಿನಲ್ಲಿ ವಾಲಿಕೊಂಡಿದ್ದ ತನ್ನ ಬ್ಯಾನರನ್ನು ಎಳೆದು ನೆಟ್ಟಗೆ ಕಟ್ಟಿ, ಒಳಹೋಗಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಬಡಗಿಯ ಹಿಂದಿನ ಬೆಂಚಿನಲ್ಲಿ ಕೂತಳು. ಹೊಸ ನೋಟುಪುಸ್ತಕ ತೆರೆಯುವಷ್ಟರಲ್ಲಿ ಚೀಲದೊಳಗೆ ಫೋನು ಬಡಿದುಕೊಂಡಿತು.

"ಹೌದು, ಟ್ಯೂಷನ್ನೇ," ಎಂದಳು, ಇಡೀ ಕ್ಲಾಸು ತಿರುಗಿ ನೋಡುವ ಹಾಗೆ. "ಬೇಗ ಬನ್ನಿ, ನನ್ನ ಪಕ್ಕ ಇನ್ನೊಬ್ಬರಿಗೆ ಜಾಗ ಇದೆ."